ಸುಂಕದ ಕಟ್ಟೆಗೆ ಸಿಗದ ಹಡಗು

ಓದುಗರ ಪ್ರಶ್ನೆ, ಹಡಗಿನವರ ಉತ್ತರ

(ಮೂವತ್ತನಾಲ್ಕು ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ದುಡಿದು, ಈಗ ಕಾರವಾರದ ಕೋಡಿಬಾಗದಲ್ಲಿ ನೆಲೆಸಿರುವ ನಿವೃತ್ತ ಚೀಫ್ ಇಂಜಿನಿಯರ್ ಒಬ್ಬರು ಉತ್ತರಿಸುತ್ತಾರೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಡಗಿನ ಸಬ್ಸಿಡಿಯದ್ದೇ.)

ಪ್ರಶ್ನೆ: ನಮ್ಮದು ಅಡಿಕೆ, ಕಾಳುಮೆಣಸಿನ ವ್ಯಾಪಾರ. ಹೊರಗಿನ ಅಡಿಕೆ ಅಗ್ಗಕ್ಕೆ ಬಂದರೆ ಸರ್ಕಾರ ಕನಿಷ್ಠ ಆಮದು ಬೆಲೆ ಹಾಕಿ ತಡೆಯುತ್ತದೆ. ಚೀನಾ ಸರ್ಕಾರ ದುಡ್ಡು ಸುರಿದು ಅಗ್ಗದ ಹಡಗು ಕಟ್ಟಿಸುತ್ತಿದೆ ಎಂದು ಎಲ್ಲರೂ ಕೂಗುತ್ತಾರೆ. ಅಡಿಕೆಗೆ ಮಾಡಿದ ಹಾಗೆ ಹಡಗಿಗೂ ಸುಂಕ ಹಾಕಿ ಮುಗಿಸಬಾರದೇ? ಅಮೆರಿಕ ಏನೋ ಹಾಕಿತ್ತು, ಆಮೇಲೆ ಬಿಟ್ಟಿತು ಎಂದು ಓದಿದೆ.
– ಶಿರಸಿಯ ಓದುಗರು

ಉತ್ತರ: ರಾಯರೇ, ಅಡಿಕೆ ಮೂಟೆಗೆ ಒಂದು ಊರು ಇರುತ್ತದೆ, ಹಡಗಿಗೆ ಇಲ್ಲ. ಇಡೀ ಗಂಟು ಇರುವುದು ಇಲ್ಲೇ.

ಅಡಿಕೆ ಎಲ್ಲೋ ಬೆಳೆಯುತ್ತದೆ, ಬಂದರಿಗೆ ಬರುತ್ತದೆ, ಕಸ್ಟಮ್ಸ್‌ನವರ ಕಣ್ಣಿಗೆ ಬೀಳುತ್ತದೆ. 2023ರ ಫೆಬ್ರವರಿಯಲ್ಲಿ ಕಿಲೋಗೆ 351 ರೂಪಾಯಿ ಎಂದು ಗೆರೆ ಎಳೆದರು. ಅದಕ್ಕಿಂತ ಕಡಿಮೆ ಬೆಲೆಯದ್ದನ್ನು ತಡೆಯಲು ಒಂದು ಗೇಟು ಇದೆ. (ಗೇಟಿನ ಪಕ್ಕದ ಸಂದಿಯಿಂದ ಎಷ್ಟು ನುಸುಳುತ್ತದೆ ಅಂತ ನಿಮ್ಮ ವಖಾರಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು.)

ಈಗ ನಾನು ದುಡಿದ ಒಂದು ಹಡಗಿನ ಕತೆ ಕೇಳಿ. ಕಟ್ಟಿದ್ದು ಕೊರಿಯಾದಲ್ಲಿ. ಮಾಲೀಕರು ಗ್ರೀಸ್‌ನವರು. ಸಾಲ ಕೊಟ್ಟ ಬ್ಯಾಂಕು ಇನ್ನೊಂದು ದೇಶದ್ದು. ಹಡಗಿನ ಹಿಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ 'ಮನ್ರೋವಿಯಾ' ಎಂದು ಬರೆದಿತ್ತು, ಅಂದರೆ ಲೈಬೀರಿಯಾದ ಬಾವುಟ. ಕ್ಯಾಪ್ಟನ್ ರತ್ನಾಗಿರಿಯವರು, ಇಂಜಿನ್ ರೂಮಿಗೆ ಕುಮಟಾದ ನಾನು, ಡೆಕ್ ಮೇಲೆ ಫಿಲಿಪೀನ್ಸ್ ಹುಡುಗರು. ಬ್ರೆಜಿಲ್‌ನಿಂದ ಅದಿರು ತುಂಬಿ ಪೂರ್ವಕ್ಕೆ ಒಯ್ಯುವುದು ಕೆಲಸ. ಹನ್ನೊಂದು ತಿಂಗಳು ಅದರಲ್ಲಿದ್ದೆ. ಒಂದು ದಿನವೂ ಅದು ಮನ್ರೋವಿಯಾ ಕಾಣಲಿಲ್ಲ, ಗ್ರೀಸ್‌ನ ದಡವನ್ನೂ ಮುಟ್ಟಲಿಲ್ಲ.

ಈಗ ನೀವೇ ಹೇಳಿ, ಆ ಹಡಗು ಯಾವ ದೇಶಕ್ಕೆ 'ಆಮದು' ಆಯಿತು? ಎಲ್ಲಿಯೂ ಆಗಲಿಲ್ಲ. ಕಾಗದದ ಮೇಲೆ ಮಾರಾಟವಾಯಿತು, ಹಡಗು ಕಟ್ಟುವ ಯಾರ್ಡಿನಿಂದ ನೇರ ಸಮುದ್ರಕ್ಕೆ ಇಳಿಯಿತು. ವಿಶ್ವ ವ್ಯಾಪಾರ ಸಂಘಟನೆ (ಡಬ್ಲ್ಯುಟಿಒ) ಹುಟ್ಟಿದ 1995ರಲ್ಲೇ ಸಬ್ಸಿಡಿ ಬಗ್ಗೆ ಒಂದು ಒಪ್ಪಂದ ಜಾರಿಗೆ ಬಂತು. ಬೇರೆಯವರ ಸಬ್ಸಿಡಿಯಿಂದ ಪೆಟ್ಟು ಬಿದ್ದರೆ ನಿಮ್ಮ ಗಡಿಯಲ್ಲಿ ಪ್ರತಿಸುಂಕ ಹಾಕಿಕೊಳ್ಳಿ ಎನ್ನುತ್ತದೆ ಅದು. ಗಡಿಯನ್ನೇ ದಾಟದ ವಸ್ತುವಿಗೆ ಸುಂಕ ಎಲ್ಲಿ ಹಾಕುತ್ತೀರಿ? ಸುಂಕದವನ ಮುಂದೆ ಸುಖದುಃಖ ಹೇಳಬೇಡ ಎನ್ನುತ್ತಾರಲ್ಲ, ಹಡಗಿಗೆ ಆ ತಾಪತ್ರಯವೇ ಇಲ್ಲ. ಸುಂಕದವನೇ ಸಿಗುವುದಿಲ್ಲ.

ಅಮೆರಿಕ ಮಾಡಿದ್ದು ಬೇರೆ ಉಪಾಯ. ಹಡಗು ಹುಟ್ಟುವಾಗ ಸಿಗದಿದ್ದರೆ ಏನಾಯಿತು, ನಮ್ಮ ಬಂದರಿಗೆ ಬಂದಾಗ ಹಿಡಿಯೋಣ ಎಂದರು. 2024ರಲ್ಲಿ ಅಲ್ಲಿನ ಕಾರ್ಮಿಕ ಸಂಘಗಳು ದೂರು ಕೊಟ್ಟವು. ತನಿಖೆ ನಡೆಯಿತು. ಲೋಕದಲ್ಲಿ ಕಟ್ಟುವ ಹಡಗುಗಳಲ್ಲಿ ಚೀನಾದ ಪಾಲು 1999ರಲ್ಲಿ ನೂರಕ್ಕೆ ಐದೂ ಇರಲಿಲ್ಲ, 2023ಕ್ಕೆ ಅರ್ಧ ದಾಟಿದೆ ಎಂದು ವರದಿ ಬಂತು. 2025ರ ಅಕ್ಟೋಬರ್ 14ರಿಂದ ಬಂದರು ಶುಲ್ಕ ಶುರು. ಚೀನಾ ಮಾಲೀಕತ್ವದ ಹಡಗಾದರೆ ಪ್ರತಿ ನೆಟ್ ಟನ್ನಿಗೆ (ಹಡಗಿನಲ್ಲಿ ಸರಕು ಹಿಡಿಸುವ ಜಾಗದ ಅಳತೆ ಅದು) 50 ಡಾಲರ್. 50,000 ನೆಟ್ ಟನ್ನಿನ ಹಡಗು ಒಮ್ಮೆ ಬಂದು ಹೋದರೆ 25 ಲಕ್ಷ ಡಾಲರ್, ನಮ್ಮ ದುಡ್ಡಿನಲ್ಲಿ ಇಪ್ಪತ್ತು ಕೋಟಿಗೂ ಜಾಸ್ತಿ. ಅದೇ ದಿನ ಚೀನಾವೂ ಅಮೆರಿಕದ ಹಡಗುಗಳಿಗೆ ಟನ್ನಿಗೆ 400 ಯುವಾನ್ ಹಾಕಿತು. ತಿಂಗಳು ತುಂಬುವ ಮೊದಲೇ ಎರಡು ದೇಶಗಳ ಅಧ್ಯಕ್ಷರು ಕೊರಿಯಾದ ಬುಸಾನ್‌ನಲ್ಲಿ ಕೂತು ಮಾತಾಡಿದರು. ನವೆಂಬರ್ 10ರಿಂದ ಎರಡೂ ಕಡೆಯ ಶುಲ್ಕಕ್ಕೆ ಒಂದು ವರ್ಷ ತಡೆ.

ಅಮೆರಿಕ ಇದರಲ್ಲಿ ಸತ್ಯಹರಿಶ್ಚಂದ್ರ ಅಂತ ಮಾತ್ರ ತಿಳಿಯಬೇಡಿ. ಅಲ್ಲಿ 1920ರ ಒಂದು ಕಾನೂನಿದೆ, ಜೋನ್ಸ್ ಆ್ಯಕ್ಟ್ ಎನ್ನುತ್ತಾರೆ. ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಒಯ್ಯುವ ಹಡಗು ಅಲ್ಲೇ ಕಟ್ಟಿದ್ದಾಗಿರಬೇಕು, ಮಾಲೀಕರೂ ಅಲ್ಲಿಯವರೇ, ಸಿಬ್ಬಂದಿಯೂ ಹೆಚ್ಚುಕಡಿಮೆ ಅಲ್ಲಿಯವರೇ. ಜಾಗತಿಕ ವ್ಯಾಪಾರ ನಿಯಮ ಬರೆಯುವಾಗ ಈ ಕಾನೂನಿಗೆ ವಿನಾಯಿತಿಯನ್ನೂ ಅದರೊಳಗೇ ಬರೆಸಿಕೊಂಡರು. 1936ರಿಂದ 1981ರವರೆಗೆ ಅಲ್ಲಿನ ಯಾರ್ಡುಗಳಿಗೆ ಹೊರಗಿನ ಬೆಲೆಗೂ ಅಲ್ಲಿನ ಬೆಲೆಗೂ ಇರುವ ವ್ಯತ್ಯಾಸವನ್ನು ಖಜಾನೆಯೇ ತುಂಬಿಕೊಡುತ್ತಿತ್ತು. ಇಷ್ಟೆಲ್ಲ ಮಾಡಿಯೂ ಇವತ್ತು ಲೋಕದ ಹಡಗು ಕಟ್ಟುವಿಕೆಯಲ್ಲಿ ಅವರ ಪಾಲು ನೂರಕ್ಕೆ ಒಂದೂ ಇಲ್ಲ.

ಇನ್ನೊಂದು ಮಾತು, ನಿಮಗೆ ರುಚಿಸಲಿಕ್ಕಿಲ್ಲ. ಅಗ್ಗದ ಹಡಗು ಜಾಸ್ತಿಯಾದರೆ ಬಾಡಿಗೆ ಇಳಿಯುತ್ತದೆ. ನಿಮ್ಮ ಮೆಣಸಿನ ಕಂಟೈನರ್ ಯುರೋಪಿಗೆ ಅಗ್ಗದಲ್ಲಿ ಹೋಗುತ್ತದೆ. ಚೀನಾ ಸರ್ಕಾರದ ಸಬ್ಸಿಡಿಯಲ್ಲಿ ಒಂದು ಚಿಟಿಕೆ ಶಿರಸಿಗೂ ಬಂದಿದೆ ಎಂದಾಯಿತು! ಅಳುವವನು ಇನ್ಯಾವುದೋ ದೇಶದ ವೆಲ್ಡರ್.

ಆ ಅಳುವನ್ನು ನಾನು ಕಬ್ಬಿಣದಲ್ಲಿ ನೋಡಿದ್ದೇನೆ. ಕೊರಿಯಾದ ಉಲ್ಸಾನ್‌ನಲ್ಲಿ ಒಂದು ದೈತ್ಯ ಕ್ರೇನ್ ಇದೆ, 138 ಮೀಟರ್ ಎತ್ತರ. ನಮ್ಮ ಹಡಗು ಅಲ್ಲಿಗೆ ಹೋದಾಗ ಯಾರ್ಡಿನ ಫೋರ್‌ಮನ್ ಬೆರಳು ಮಾಡಿ ತೋರಿಸಿದ. ಅದು ಮೊದಲು ಸ್ವೀಡನ್‌ನ ಮಾಲ್ಮೋ ಊರಿನಲ್ಲಿ ನಿಂತಿದ್ದ ಕ್ರೇನ್. ಒಂದು ಕಾಲದಲ್ಲಿ ಜಪಾನ್ ಬಿಟ್ಟರೆ ಹಡಗು ಕಟ್ಟುವುದರಲ್ಲಿ ಸ್ವೀಡನ್ನೇ ಮುಂದು. 1973ರ ಎಣ್ಣೆ ಬಿಕ್ಕಟ್ಟಿನ ನಂತರ ಆರ್ಡರ್ ನಿಂತವು. ಸರ್ಕಾರ ಯಾರ್ಡುಗಳನ್ನೇ ಕೊಂಡು ದುಡ್ಡು ಸುರಿಯಿತು, ಕೊನೆಗೆ ಒಂದೊಂದಾಗಿ ಮುಚ್ಚಿತು. ಕೆಲಸವಿಲ್ಲದೆ ನಿಂತ ಆ ಕ್ರೇನನ್ನು 2002ರಲ್ಲಿ ಕೊರಿಯಾದವರು ಕೊಂಡರು. ಬೆಲೆ ಒಂದು ಡಾಲರ್. ಬಿಚ್ಚಿ ಒಯ್ಯುವ ಖರ್ಚು ಮಾತ್ರ ಅವರದೇ. ಅದು ಹೋಗುವ ದಿನ ಮಾಲ್ಮೋದ ಜನ ದಡದಲ್ಲಿ ನಿಂತು ಅತ್ತರಂತೆ. ಕೊರಿಯಾದಲ್ಲಿ ಅದಕ್ಕೆ 'ಮಾಲ್ಮೋದ ಕಣ್ಣೀರು' ಎಂದೇ ಹೆಸರು. ಫೋರ್‌ಮನ್ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ.

ಪ್ರಶ್ನೆ: ಎಲ್ಲ ದೇಶಗಳೂ ಒಟ್ಟಿಗೆ ಕೂತು 'ಇನ್ನು ಯಾರೂ ಸಬ್ಸಿಡಿ ಕೊಡುವುದು ಬೇಡ' ಎಂದು ಸಹಿ ಹಾಕಿದರೆ ಆಗುವುದಿಲ್ಲವೇ? ಯಾರೂ ಪ್ರಯತ್ನಿಸಿಲ್ಲವೇ?
– ಹೊನ್ನಾವರದ ಕಾಲೇಜು ಉಪನ್ಯಾಸಕರು

ಉತ್ತರ: ಸಹಿ ಹಾಕಿದ್ದಾರೆ ಮಾಸ್ತರರೇ. ಅದೇ ತಮಾಷೆ.

ಶಿರಸಿ ಮಾರಿಕಾಂಬಾ ಜಾತ್ರೆಗೆ ಹೋಗಿದ್ದೀರಲ್ವಾ? ಒಬ್ಬ ಅಂಗಡಿಯವ ಮೈಕ್ ಹಚ್ಚುತ್ತಾನೆ. ಪಕ್ಕದವನ ಕೂಗು ಕೇಳುವುದಿಲ್ಲ, ಅವನೂ ಹಚ್ಚುತ್ತಾನೆ. ಕೊನೆಗೆ ಇಡೀ ಸಾಲೇ ಅರಚುತ್ತದೆ, ಗಿರಾಕಿಗೆ ಯಾರದೂ ಕೇಳಿಸುವುದಿಲ್ಲ. ಎಲ್ಲರೂ ಆಫ್ ಮಾಡಿದರೆ ಎಲ್ಲರಿಗೂ ಸುಖ. ಮೊದಲು ಆಫ್ ಮಾಡುವವ ಯಾರು?

ಪ್ಯಾರಿಸ್‌ನಲ್ಲಿ ಓಇಸಿಡಿ ಎಂಬ ಶ್ರೀಮಂತ ದೇಶಗಳ ಕೂಟವಿದೆ. 1969ರಲ್ಲೇ ಅವರು ಒಂದು ಸಣ್ಣ ಒಡಂಬಡಿಕೆಗೆ ಬಂದರು. ಹಡಗು ಕೊಳ್ಳುವವನಿಗೆ ಸರ್ಕಾರದ ಬೆಂಬಲದ ಸಾಲ ಕೊಡುವಾಗ ಇಂತಿಷ್ಟು ವರ್ಷ, ಬೆಲೆಯಲ್ಲಿ ಇಂತಿಷ್ಟು ಪಾಲು, ಅದಕ್ಕಿಂತ ಸಡಿಲ ಬೇಡ ಎಂದು. ಸಾಲದ ಪೈಪೋಟಿಗೆ ಒಂದು ಬೇಲಿ, ಅಷ್ಟೇ. ಆ ಬೇಲಿ ರೂಪ ಬದಲಿಸಿಕೊಂಡು ಉಳಿದಿದೆ. ಇಡೀ ಕತೆಯಲ್ಲಿ ಗಟ್ಟಿಯಾಗಿ ನಿಂತದ್ದು ಇದೊಂದೇ ಎನ್ನಬಹುದು.

ದೊಡ್ಡ ಒಪ್ಪಂದ ಆದದ್ದು 1994ರ ಡಿಸೆಂಬರ್‌ನಲ್ಲಿ. ಯುರೋಪ್ ಒಕ್ಕೂಟ, ಜಪಾನ್, ಕೊರಿಯಾ, ನಾರ್ವೆ, ಅಮೆರಿಕ ಸಹಿ ಹಾಕಿದವು. ನೇರ ಸಬ್ಸಿಡಿ ಬಂದ್. ಅದಕ್ಕಿಂತ ಜಾಣತನದ ಒಂದು ಕಲಮು ಅದರಲ್ಲಿತ್ತು. ಹಡಗಿಗೆ ಗಡಿಯಲ್ಲಿ ಸುಂಕ ಹಾಕಲು ಬರುವುದಿಲ್ಲ ಎಂದು ಮೇಲೆ ಹೇಳಿದೆನಲ್ಲ, ಅದಕ್ಕೆ ಮದ್ದಾಗಿ, ನಷ್ಟದ ಬೆಲೆಗೆ ಹಡಗು ಮಾರಿದ ಯಾರ್ಡಿನಿಂದಲೇ ದಂಡ ವಸೂಲಿ ಮಾಡುವ ದಾರಿ ಬರೆದಿದ್ದರು. ಗೇಟಿಲ್ಲದಿದ್ದರೆ ಮನೆಗೇ ಹೋಗಿ ಕೇಳುವುದು. ನನ್ನ ಲೆಕ್ಕದಲ್ಲಿ ಇಷ್ಟು ವರ್ಷಗಳಲ್ಲಿ ಈ ವಿಷಯದಲ್ಲಿ ಹುಟ್ಟಿದ ಒಳ್ಳೆಯ ಯೋಚನೆ ಅದೊಂದೇ. 1996ರ ಜನವರಿಗೆ ಜಾರಿಯಾಗಬೇಕಿತ್ತು. ಬೇರೆಯವರೆಲ್ಲ ತಮ್ಮ ಒಪ್ಪಿಗೆ ಮುಗಿಸಿದರು. ಅಮೆರಿಕದ ಕಾಂಗ್ರೆಸ್ ಮಾತ್ರ ಒಪ್ಪಿಗೆ ಕೊಡಲೇ ಇಲ್ಲ. ಒಪ್ಪಂದ ಬೇಕೆಂದು ಮೊದಲು ಹಟ ಹಿಡಿದವರೇ ಅವರು! ಮದುವೆ ಮಂಟಪದಲ್ಲಿ ಎಲ್ಲರೂ ಇದ್ದರು, ವರನೇ ಬರಲಿಲ್ಲ.

ಆಮೇಲೆ 2002ರಲ್ಲಿ ಮತ್ತೆ ಕೂತರು, ಈ ಸಲ ಚೀನಾವನ್ನೂ ಕರೆದು. 2005ರಲ್ಲಿ ಮಾತು ನಿಂತಿತು. 2010ರಲ್ಲಿ ಮತ್ತೆ ಎತ್ತಿಕೊಂಡರು, ಅದೇ ವರ್ಷದ ಡಿಸೆಂಬರ್‌ನಲ್ಲಿ ಕೈಬಿಟ್ಟರು.

ನಡುವೆ ಕೋರ್ಟು ಕಚೇರಿಯೂ ಆಯಿತು. 1997ರ ಹಣಕಾಸು ಬಿಕ್ಕಟ್ಟಿನಲ್ಲಿ ಮುಳುಗುತ್ತಿದ್ದ ಯಾರ್ಡುಗಳನ್ನು ಕೊರಿಯಾ ಸರ್ಕಾರ ಬ್ಯಾಂಕುಗಳ ಮೂಲಕ ಎತ್ತಿಹಿಡಿಯಿತು ಎಂದು ಯುರೋಪ್ 2002ರಲ್ಲಿ ಡಬ್ಲ್ಯುಟಿಒಗೆ ದೂರು ಕೊಟ್ಟಿತು. ದೂರು ನಡೆಯುವಾಗಲೇ, ಕೊರಿಯಾದ ಎದುರು ಸೆಣಸುವ ತನ್ನ ಯಾರ್ಡುಗಳಿಗೆ ಹಡಗಿನ ಬೆಲೆಯ ನೂರಕ್ಕೆ 6ರವರೆಗೆ ತಾನೂ ಕೊಟ್ಟಿತು. ಕೊರಿಯಾ ಅದರ ಮೇಲೆ ತಿರುಗಿ ದೂರು ಹಾಕಿತು. 2005ರಲ್ಲಿ ಎರಡೂ ತೀರ್ಪು ಬಂದವು. ಕೊರಿಯಾದ ಕೆಲವು ರಫ್ತು ಸಾಲಗಳು ತಪ್ಪು, ಯಾರ್ಡುಗಳನ್ನು ಎತ್ತಿದ್ದು ಸಬ್ಸಿಡಿ ಎಂದು ಸಾಬೀತಾಗಿಲ್ಲ. ಯುರೋಪ್ ತಾನೇ ಶಿಕ್ಷೆ ಕೊಡಲು ಹೊರಟದ್ದೂ ತಪ್ಪು. ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆ ಡಬ್ಲ್ಯುಟಿಒ ಕೂತಿರುವ ಜಿನೀವಾಕ್ಕೂ ಒಪ್ಪುತ್ತದೆ. 2018ರಲ್ಲಿ, 2020ರಲ್ಲಿ ಜಪಾನ್ ಕೊರಿಯಾದ ಮೇಲೆ ಮತ್ತೆ ಇದೇ ದೂರು ಹೊತ್ತು ಹೋಯಿತು.

ಇದೆಲ್ಲ ಹಡಗು ಕಟ್ಟುವುದರ ಮಾತು. ಹಡಗು ಓಡಿಸುವ ಕಂಪನಿಗೆ ಸರ್ಕಾರ ಕೊಡುವ ನೆರವಿಗೆ ಇಷ್ಟೂ ಕಟ್ಟಿಲ್ಲ. ಅದು ವಸ್ತುವಲ್ಲ, ಸೇವೆ. ಡಬ್ಲ್ಯುಟಿಒದ ಸೇವೆಗಳ ಒಪ್ಪಂದದಲ್ಲಿ ಸಬ್ಸಿಡಿ ಬಗ್ಗೆ 'ಮುಂದೆ ಮಾತಾಡೋಣ' ಎಂದಷ್ಟೇ ಇದೆ. ಹಡಗು ಸಾಗಾಟದ ಮಾತುಕತೆ 1996ರಲ್ಲೇ ನಿಂತುಹೋಯಿತು. ಆ ಸಂದಿಯಲ್ಲಿ ಎಂತೆಂಥ ಜಾಣರು ನುಗ್ಗಿದರು ಅಂತೀರಿ. ಜರ್ಮನಿಯಲ್ಲಿ ತೆರಿಗೆ ಉಳಿತಾಯದ ಆಸೆಗೆ ಹಲ್ಲಿನ ಡಾಕ್ಟರುಗಳೆಲ್ಲ ಕಂಟೈನರ್ ಹಡಗುಗಳಲ್ಲಿ ಪಾಲು ಕೊಂಡಿದ್ದರು. ಸಬ್ಸಿಡಿ ಎಂಬ ಹೆಸರಿಲ್ಲದ ಸಬ್ಸಿಡಿ ಅದು. ಅದಿರು, ಕಲ್ಲಿದ್ದಲು ಹೊರುವ ಹಡಗುಗಳ ಬಾಡಿಗೆ ಅಳೆಯುವ ಬಾಲ್ಟಿಕ್ ಸೂಚ್ಯಂಕ 2008ರ ಮೇ ತಿಂಗಳಲ್ಲಿ 11,793ಕ್ಕೆ ಏರಿದ್ದು ಡಿಸೆಂಬರ್ ಹೊತ್ತಿಗೆ 663ಕ್ಕೆ ಬಿತ್ತು, ಕಂಟೈನರ್ ಹಡಗಿನ ಬಾಡಿಗೆಯೂ ಕುಸಿಯಿತು. ಆ ಡಾಕ್ಟರುಗಳ ಹಲ್ಲೇ ನೋಯತೊಡಗಿತು.

ಆ ಏರಿಕೆಯ ವರ್ಷಗಳನ್ನು ನಾವೂ ಕಂಡವರೇ ಅಲ್ವಾ? ಬಳ್ಳಾರಿ, ಹೊಸಪೇಟೆಯ ಅದಿರು ಹೊತ್ತ ಲಾರಿಗಳು ಅರಬೈಲ್ ಘಟ್ಟ ಇಳಿದು ಬೇಲೇಕೇರಿಗೆ, ಕಾರವಾರಕ್ಕೆ ಸಾಲುಗಟ್ಟಿದ್ದು, ಅಂಕೋಲೆಯ ರಸ್ತೆಯೆಲ್ಲ ಕೆಂಪಾದದ್ದು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸುವವರೆಗೂ ಅದೇ ಧೂಳು. ಹೋಗಿದ್ದು ಹೆಚ್ಚಾಗಿ ಚೀನಾಕ್ಕೆ. ಅದರಲ್ಲಿ ಎಷ್ಟು ಉಕ್ಕಾಗಿ ಎಷ್ಟು ಹಡಗಾಯಿತೋ.

ಪ್ರಶ್ನೆ: ಮೀನುಗಾರರ ಡೀಸೆಲ್ ಸಬ್ಸಿಡಿಯನ್ನು ಡಬ್ಲ್ಯುಟಿಒ ನಿಲ್ಲಿಸುತ್ತದೆ ಎಂದು ಧಕ್ಕೆಯಲ್ಲಿ ಎಲ್ಲರೂ ಹೇಳುತ್ತಾರೆ. ದೊಡ್ಡ ಹಡಗಿಗೆ ಸಾವಿರ ಕೋಟಿ ಕೊಟ್ಟರೆ ಕೇಳುವವರಿಲ್ಲ. ಇದು ಯಾವ ನ್ಯಾಯ?
– ಬೈತಖೋಲದ ಬೋಟ್ ಮಾಲೀಕರು

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಧ ಸರಿ ಇದೆ ಅಣ್ಣ.

ಮೊದಲು ಭಯದ ಮಾತು. ಮೀನುಗಾರಿಕೆ ಸಬ್ಸಿಡಿ ಒಪ್ಪಂದ 2022ರ ಜೂನ್‌ನಲ್ಲಿ ಜಿನೀವಾದಲ್ಲಿ ಆಯಿತು, 2025ರ ಸೆಪ್ಟೆಂಬರ್ 15ಕ್ಕೆ ಜಾರಿಗೆ ಬಂತು. ಆ ದಿನದವರೆಗೆ ಭಾರತ ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಅದು ತಡೆಯುವುದು ಕಳ್ಳ ಮೀನುಗಾರಿಕೆಗೆ, ಈಗಾಗಲೇ ಬರಿದಾದ ಮೀನಿನ ಬೇಟೆಗೆ, ಯಾರ ಹತೋಟಿಯೂ ಇಲ್ಲದ ಆಳಸಮುದ್ರದ ಬೇಟೆಗೆ ಕೊಡುವ ನೆರವನ್ನು. ಡೀಸೆಲ್ಲಿಗೆ ನೇರ ಕೈ ಹಾಕಿಲ್ಲ. ಬೋಟುಗಳ ಸಂಖ್ಯೆ, ಶಕ್ತಿ ಹೆಚ್ಚಿಸುವ ಸಬ್ಸಿಡಿಯ ಮಾತು ಎರಡನೇ ಭಾಗದಲ್ಲಿದೆ. ಅದು ಇನ್ನೂ ಮುಗಿದಿಲ್ಲ. ಅದರಲ್ಲಿ ನಮ್ಮಂಥ ದೇಶಗಳಿಗೆ 25 ವರ್ಷ ಬಿಡುವು ಬೇಕು ಎಂದು ಭಾರತ ಕೇಳುತ್ತಿದೆ.

ಇನ್ನು ನ್ಯಾಯದ ಮಾತು. ನೀವು ಕರರಹಿತ ಡೀಸೆಲ್ ಪಡೆಯಲು ಕೋಟಾ, ಪಾಸ್‌ಬುಕ್, ಬಂಕಿನಲ್ಲಿ ಸಾಲು ಎಂದು ಒದ್ದಾಡುತ್ತೀರಿ. ದೇಶದಿಂದ ದೇಶಕ್ಕೆ ಓಡುವ ಹಡಗು ತುಂಬಿಸುವ ಎಣ್ಣೆಗೆ ಲೋಕದ ಹೆಚ್ಚಿನ ಕಡೆ ತೆರಿಗೆಯೇ ಇಲ್ಲ. ನಾನಿದ್ದ ಅದಿರು ಹಡಗು ದಿನಕ್ಕೆ ಸುಮಾರು 50 ಟನ್ ಎಣ್ಣೆ ಸುಡುತ್ತಿತ್ತು. ಅದರ ಲೆಕ್ಕ ಬರೆದವನು ನಾನೇ. ಅದನ್ನು ಯಾರೂ ಸಬ್ಸಿಡಿ ಎನ್ನಲಿಲ್ಲ.

ಮೀನಿಗೆ ಒಪ್ಪಂದವಾಗಲು 2001ರಿಂದ 2022ರವರೆಗೆ ಇಪ್ಪತ್ತೊಂದು ವರ್ಷ ಬೇಕಾಯಿತು. ಕೊನೆಗಾದರೂ ಆಯಿತು, ಯಾಕೆಂದರೆ ಬಲೆಗೆ ಬಂಗಡೆ ಬರದಿದ್ದರೆ ಎಲ್ಲರ ತಟ್ಟೆಗೂ ತಿಳಿಯುತ್ತದೆ. ಹಡಗು ಜಾಸ್ತಿಯಾದರೆ ಸರಕಿನವರಿಗೆ ಖುಷಿಯೇ ಹೊರತು ಬೇಸರವಿಲ್ಲ. ಕೂಗುವವರು ಕಡಿಮೆ. ಹೀಗಾಗಿ ನಿಮ್ಮನ್ನು ಕೇಳುತ್ತಾರೆ, ಅವರನ್ನು ಕೇಳುವುದಿಲ್ಲ.

ಪ್ರಶ್ನೆ: ಮಗ ಮರ್ಚೆಂಟ್ ನೇವಿ ಎನ್ನುತ್ತಿದ್ದಾನೆ. ಏಜೆಂಟ್ ಒಬ್ಬರು ಹಡಗು ಹತ್ತಿಸಲು ನಾಲ್ಕು ಲಕ್ಷ ಕೇಳುತ್ತಿದ್ದಾರೆ. ಕೊಡಬಹುದೇ?
– ಕುಮಟಾದ ಒಬ್ಬ ತಾಯಿ

ಉತ್ತರ: ಅಕ್ಕ, ಬೇಡ. ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ಕೇಳುವಂತಿಲ್ಲ, 2006ರ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದದಲ್ಲೇ ಅದು ಇದೆ. ಏಜೆನ್ಸಿಗೆ ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ಸಾಗಾಟ ನಿರ್ದೇಶನಾಲಯ) ಲೈಸೆನ್ಸ್ ಇದೆಯೇ ಎಂದು ಮೊದಲು ನೋಡಿ. ನಾನೇ ಒಮ್ಮೆ ಹೆಸರಿಲ್ಲದ ಕಂಪನಿಯೊಂದನ್ನು ನಂಬಿ ನಾಲ್ಕು ತಿಂಗಳ ಸಂಬಳ ಕಳೆದುಕೊಂಡವ. ಬಂದರಿನ ಹೊರಗೆ ಲಂಗರು ಹಾಕಿ, ಅನ್ನ ಬೇಳೆ ಲೆಕ್ಕ ಮಾಡಿ ತಿಂದಿದ್ದೇವೆ.

ನಿಮ್ಮ ಮಗನಿಗೂ ಮೇಲಿನ ಸಬ್ಸಿಡಿ ಕತೆಗೂ ಒಂದು ಸಂಬಂಧ ಇದೆ. 2004ರಲ್ಲಿ ನಮ್ಮಲ್ಲಿ ಟನ್ನೇಜ್ ತೆರಿಗೆ ಬಂತು. ಹಡಗು ಕಂಪನಿ ಲಾಭದ ಮೇಲಲ್ಲ, ಹಡಗಿನ ಗಾತ್ರದ ಮೇಲೆ ಸಣ್ಣ ತೆರಿಗೆ ಕಟ್ಟಿದರೆ ಸಾಕು. ನೆದರ್ಲ್ಯಾಂಡ್ಸ್ 1996ರಲ್ಲಿ, ಬ್ರಿಟನ್ 2000ದಲ್ಲಿ ಮಾಡಿದ್ದನ್ನೇ ನಾವೂ ಮಾಡಿದೆವು. ಮಾಡದಿದ್ದರೆ ಇದ್ದ ಹಡಗೂ ಬೇರೆ ಬಾವುಟದಡಿ ಓಡಿಹೋಗುತ್ತಿತ್ತು. ಆದರೆ ಈ ರಿಯಾಯಿತಿ ಬೇಕಾದರೆ ಕಂಪನಿ ಇಂತಿಷ್ಟು ಕೆಡೆಟ್‌ಗಳಿಗೆ ತರಬೇತಿ ಕೊಡಲೇಬೇಕು ಎಂದು ಷರತ್ತು ಹಾಕಿದರು. ಕೊಟ್ಟ ಕೈಗೆ ಏನು ಬಂತು ಎಂದು ಲೆಕ್ಕ ಸಿಗುವ ರಿಯಾಯಿತಿ ನಾನು ಕಂಡಿದ್ದು ಇದೊಂದೇ. ಅಂಥ ಕಂಪನಿಯಲ್ಲಿ ಸೀಟು ಹುಡುಕಿ.

ಪ್ರಶ್ನೆ: ಹಡಗು ಕಟ್ಟಲು ಕೇಂದ್ರ ಸರ್ಕಾರ 69,725 ಕೋಟಿ ರೂಪಾಯಿ ಕೊಡುತ್ತಿದೆಯಂತೆ. ಬೇರೆ ದೇಶದವರು ಕೊಟ್ಟರೆ ತಪ್ಪು, ನಾವು ಕೊಟ್ಟರೆ ಸರಿಯೇ? ನಮ್ಮ ಜಿಲ್ಲೆಗೆ ಏನಾದರೂ ಬರುತ್ತದೆಯೇ?
– ಅಂಕೋಲೆಯ ಐಟಿಐ ವಿದ್ಯಾರ್ಥಿ

ಉತ್ತರ: ಜಾತ್ರೆಯಲ್ಲಿ ಎಲ್ಲರ ಮೈಕ್ ಕೂಗುವಾಗ ನಾವೊಬ್ಬರೇ ಆಫ್ ಮಾಡಿ ಕೂತರೆ ನಮಗೆ ಪುಣ್ಯ ಬರಬಹುದು, ಗಿರಾಕಿ ಬರುವುದಿಲ್ಲ. ಹಾಗಾಗಿ ನಾನು ಇದಕ್ಕೆ ವಿರೋಧಿ ಅಲ್ಲ.

2025ರ ಸೆಪ್ಟೆಂಬರ್ 24ರಂದು ಸಂಪುಟ ಒಪ್ಪಿದ್ದು ಅದು. ಹಡಗು ಕಟ್ಟುವ ನೆರವು 24,736 ಕೋಟಿ, ಸಾಲ ಬಂಡವಾಳಕ್ಕೆ 25,000 ಕೋಟಿಯ ನಿಧಿ, ಯಾರ್ಡುಗಳ ಸಾಮರ್ಥ್ಯ ಹೆಚ್ಚಿಸಲು 19,989 ಕೋಟಿ. ನೆರವು 2036ರ ಮಾರ್ಚ್‌ವರೆಗೆ. ನನಗೆ ಹಿಡಿಸಿದ್ದು ಆ ಕೊನೆಯ ತಾರೀಕು. ಯಾಕೆಂದರೆ ಹಿಂದೆ ನೂರಕ್ಕೆ 30ರ ಸಬ್ಸಿಡಿ ಇತ್ತು, 2007ರ ಆಗಸ್ಟ್ 14ಕ್ಕೆ ಅದು ನಿಂತಿತು. ಮತ್ತೆ ನೆರವು ಶುರುವಾಗಿದ್ದು 2016ರ ಏಪ್ರಿಲ್‌ನಲ್ಲಿ, ಅದೂ ನೂರಕ್ಕೆ 20ರಿಂದ ಇಳಿಯುತ್ತಾ ಹೋಗುವಂಥದ್ದು. ನಡುವಿನ ಎಂಟೂವರೆ ವರ್ಷ ಯಾರ್ಡುಗಳು ಒಣಗಿದವು. ಹಡಗು ಮಾತಾಡಿ ಕಟ್ಟಿ ಕೊಡಲು ಎರಡು ಮೂರು ವರ್ಷ ಬೇಕು. ಅಂಥ ಕೆಲಸಕ್ಕೆ ಕೊಟ್ಟು ನಿಲ್ಲಿಸುವ ಸಬ್ಸಿಡಿ ಎಂದರೆ ಸಸಿ ನೆಟ್ಟ ಮೇಲೆ ಪಂಪ್ ಆಫ್ ಮಾಡಿದ ಹಾಗೆ.

ಕಾರವಾರಕ್ಕೆ ದೊಡ್ಡ ಯಾರ್ಡ್ ಬರುತ್ತದೆ ಎಂದು ಕಾಯಬೇಡಿ. ಅರ್ಗಾ ಕಡೆಯ ದಂಡೆ ನೌಕಾಪಡೆಯದು. ಅದರ ದುಡ್ಡಿನ ಚೀಲವೇ ಬೇರೆ, ಯುದ್ಧನೌಕೆ ಮಾತು ಬಂದರೆ ಯಾವ ಒಪ್ಪಂದವೂ ದೂರ ನಿಲ್ಲುತ್ತದೆ. ಉಳಿದ ದಂಡೆಯಲ್ಲಿ ಮೀನುಗಾರರಿದ್ದಾರೆ, ಬಂದರು ವಿಸ್ತರಣೆಗೇ ಅವರ ವಿರೋಧವಿದೆ. ಸುಮ್ನೆ ಅಲ್ಲ ಆ ವಿರೋಧ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬೆಲೆ ಬಂದಾಗ, ಧಾರವಾಡದ ಹತ್ತಿ ಸಾಗಿಸಲು ಈ ಬಂದರಿನ ಮೇಲೆ ದೊಡ್ಡ ಆಸೆ ಹುಟ್ಟಿತ್ತು. ರೈಲು ಗೋವಾದ ಮುರ್ಮಗೋವಾಕ್ಕೆ ಹೋಯಿತು, ಆಸೆಯೂ ಹೋಯಿತು. ಆಮೇಲೆ ಅದಿರಿನ ಆಸೆ. ಅದು ಹೋದದ್ದು ನಿಮಗೂ ನೆನಪಿರಬಹುದು.

ಹತ್ತಿರದಲ್ಲಿ ನೋಡಬೇಕಾದ್ದು ಮಲ್ಪೆ. ಕೊಚ್ಚಿನ್ ಶಿಪ್‌ಯಾರ್ಡ್ ತೆಗೆದುಕೊಂಡ ಅಲ್ಲಿನ ಯಾರ್ಡಿಗೆ ನಾರ್ವೆಯ ಕಂಪನಿಯಿಂದ 3,800 ಟನ್ನಿನ ಆರು ಸರಕು ಹಡಗುಗಳ ಆರ್ಡರ್ ಬಂತು, ಆಮೇಲೆ 6,300 ಟನ್ನಿನವು ಎಂಟು. ತಮ್ಮಾ, ಪೈಪ್ ಫಿಟ್ಟಿಂಗ್ ಕಲಿ. ವೆಲ್ಡಿಂಗ್ ಆದರೆ ಬರೀ ಸರ್ಟಿಫಿಕೇಟ್ ಸಾಲದು, ತಲೆಯ ಮೇಲಿನ ಪ್ಲೇಟಿಗೆ ಕೈಯೆತ್ತಿ ವೆಲ್ಡ್ ಮಾಡಲು ಬರಬೇಕು. ಯಾರ್ಡಿನಲ್ಲಿ ಮೊದಲು ಅದನ್ನೇ ನೋಡುತ್ತಾರೆ.

ಪ್ರಶ್ನೆ: ನಮ್ಮ ಮನೆ ಮಹಡಿಯಿಂದ ಕಾರವಾರ ಬಂದರಿಗೆ ಬರುವ ಹಡಗು ಕಾಣುತ್ತವೆ. ಅವುಗಳ ಹಿಂದೆ ಪನಾಮಾ ಅಂತ ಯಾಕೆ ಬರೆದಿರುತ್ತಾರೆ?
– ಎಂಟನೇ ತರಗತಿ ಹುಡುಗಿ, ಕಾರವಾರ

ಉತ್ತರ: ಪುಟ್ಟಿ, ಅದು ಹಡಗು ನೋಂದಣಿಯಾದ ಊರು. ಸ್ಕೂಟರಿಗೆ ಕೆಎ 30 ಇದ್ದ ಹಾಗೆ. ವ್ಯತ್ಯಾಸ ಇಷ್ಟೇ, ಸ್ಕೂಟರ್ ನಮ್ಮ ಜಿಲ್ಲೆಯದ್ದೇ ಆಗಿರುತ್ತದೆ, ಹಡಗು ಪನಾಮಾದ್ದು ಆಗಿರಬೇಕಿಲ್ಲ. ತೆರಿಗೆ ಕಡಿಮೆ, ಕೇಳುವವರು ಕಡಿಮೆ ಅಂತ ಮಾಲೀಕರು ಅಲ್ಲಿ ನಂಬರ್ ಹಾಕಿಸುತ್ತಾರೆ.

1987-88ರಲ್ಲಿ ನಮ್ಮ ದೇಶದ ಆಮದು ರಫ್ತು ಸರಕಿನಲ್ಲಿ ನೂರಕ್ಕೆ 40.7ರಷ್ಟನ್ನು ನಮ್ಮ ಹಡಗುಗಳೇ ಒಯ್ಯುತ್ತಿದ್ದವು. 2018-19ಕ್ಕೆ ಅದು 7.8ಕ್ಕೆ ಇಳಿಯಿತು ಎಂದು ಸರ್ಕಾರವೇ ಹೇಳಿದೆ. ಹೊರಗಿನವರ ಜೊತೆ ಟೆಂಡರಿನಲ್ಲಿ ನಮ್ಮ ಹಡಗು ಸೋಲದಿರಲಿ ಎಂದು 2021ರಲ್ಲಿ 1,624 ಕೋಟಿ ಕೊಡಲು ಒಪ್ಪಿದ್ದು ಅದಕ್ಕೇ.

ನಿನಗೊಂದು ಕೆಲಸ. ಅಪ್ಪನ ಹತ್ತಿರ ದುರ್ಬೀನು ಇದ್ದರೆ ತಗೋ. ಒಂದು ತಿಂಗಳು ಬರುವ ಹಡಗುಗಳ ಹಿಂದೆ ಏನು ಬರೆದಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ತಾರೀಕು ಮರೆಯಬೇಡ. 'ಮುಂಬಯಿ' ಎಂದು ಬರೆದದ್ದು ಕಂಡರೆ ಅದಕ್ಕೆ ಕೆಂಪು ಪೆನ್ನು. ಪಟ್ಟಿಯನ್ನು ನನಗೆ ಕಳಿಸು, ಮುಂದಿನ ಸಂಚಿಕೆಯಲ್ಲಿ ಹಾಕೋಣ.